ಮೂರು ಪರದೆಯ ಕಂಪ್ಯೂಟರ್‌ನಲ್ಲಿ ತೆರೆಯದ 1997ರ ಆಟ: ಒಂದು ಪ್ರಕರಣ ಅಧ್ಯಯನ

ಆಟ: ಏಜ್ ಆಫ್ ಎಂಪೈರ್ಸ್ (ಪ್ರಾಚೀನ ಕಾಲದ ರಾಜ್ಯ ಕಟ್ಟಿ ಸೈನ್ಯ ನಡೆಸುವ ಆಟ), ಮೊದಲನೆಯ ಭಾಗ, ಅಸಲಿ ಸಿಡಿ. ಕಂಪ್ಯೂಟರ್: ವಿಂಡೋಸ್ 11 ಇರುವ ಹೊಸ ಮಷಿನ್, ಮೂರು ಮಾನಿಟರ್. ಜಾಗ: ದಾವಣಗೆರೆಯ ಚಾಮರಾಜಪೇಟೆ ಕಡೆಯ ಒಂದು ಡಿಟಿಪಿ ಅಂಗಡಿ. ದೂರು: ಆಟ ತೆರೆಯುತ್ತಿಲ್ಲ.

ಹಳೆಯ ಆಟ ತೆರೆಯದೆ ಇರುವುದಕ್ಕೂ ಬಗೆಗಳಿವೆ. ಕ್ಲಿಕ್ ಮಾಡಿದರೆ ಏನೂ ಆಗದೆ ಸುಮ್ನೆ ಇರುವುದು ಒಂದು. ಪರದೆ ಕಪ್ಪಾಗಿ ಧೊಪ್ಪನೆ ಬಿದ್ದುಹೋಗುವುದು ಇನ್ನೊಂದು. ಒಂದು ಸಂದೇಶ ತೋರಿಸಿ, ಓಕೆ ಒತ್ತಿಸಿಕೊಂಡು, ಮರ್ಯಾದೆಯಾಗಿ ಮುಚ್ಚಿಕೊಳ್ಳುವುದು ಮತ್ತೊಂದು. ಇಲ್ಲಿ ಆಗುತ್ತಿದ್ದದ್ದು ಈ ಕೊನೆಯದು. ಗ್ರಾಫಿಕ್ಸ್ ವ್ಯವಸ್ಥೆಯನ್ನು ಶುರು ಮಾಡಲು ಆಗಲಿಲ್ಲ, ನಿಮ್ಮ ವಿಡಿಯೋ ಕಾರ್ಡ್ ಮತ್ತು ಡ್ರೈವರ್ ಡೈರೆಕ್ಟ್‌ಡ್ರಾಗೆ ಹೊಂದುತ್ತವೆಯೇ ನೋಡಿಕೊಳ್ಳಿ, ಎಂಬರ್ಥದ ಇಂಗ್ಲಿಷ್ ಸಂದೇಶ. ಡೈರೆಕ್ಟ್‌ಡ್ರಾ ಅನ್ನುವುದು ಹಳೆಯ ಆಟಗಳು ಪರದೆಯ ಮೇಲೆ ಚಿತ್ರ ತೋರಿಸಲು ಬಳಸುವ ವಿಂಡೋಸ್‌ನ ಒಂದು ಭಾಗ. ಈ ಆಟ ಆಡಿದವರಲ್ಲಿ ತುಂಬಾ ಜನ ಇದನ್ನು ಎಂದಾದರೂ ನೋಡಿರುತ್ತಾರೆ.

ಇದನ್ನು ಓದಿದವರು ಸಾಮಾನ್ಯವಾಗಿ ಡ್ರೈವರ್ ಹುಡುಕಲು ಹೊರಡುತ್ತಾರೆ. ಅದರ ಅಗತ್ಯ ಇರುವುದು ಕಡಿಮೆ. ಆಟವೇ ಸಂದೇಶ ತೋರಿಸಿದೆ ಅಂದರೆ ಆಟ ಜೀವಂತವಾಗಿದೆ. ಅದು ವಿಂಡೋಸ್ ಹತ್ತಿರ ಏನನ್ನೋ ಕೇಳಿದೆ, ವಿಂಡೋಸ್ ಇಲ್ಲ ಎಂದಿದೆ. ಏನು ಕೇಳಿತು ಅನ್ನುವುದನ್ನು ಪತ್ತೆ ಹಚ್ಚಬೇಕು. ವಿಂಡೋಸ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಟ್ಟು ತೋರಿಸುವ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್ ನೋಡಿದಾಗ ಈ ಆಟದ ಹೆಸರಿನಲ್ಲಿ 1000 ನಂಬರಿನ ದಾಖಲೆ ಒಂದೂ ಇರಲಿಲ್ಲ. ಪ್ರೋಗ್ರಾಂ ಕ್ರ್ಯಾಶ್ ಆಗಿದ್ದರೆ ಅಲ್ಲಿ ಆ ನಂಬರಿನ ಕೆಳಗೆ ಯಾವ ಫೈಲಿನಲ್ಲಿ ಬಿತ್ತು ಎಂಬುದು ದಾಖಲಾಗಿರುತ್ತದೆ. ಅಲ್ಲಿಗೆ ಇದು ಕ್ರ್ಯಾಶ್ ಅಲ್ಲ ಎಂದು ಖಾತ್ರಿಯಾಯಿತು.

ಅಂಗಡಿ ಮತ್ತು ಅದರ ಪರದೆಗಳು

ಮಾಲೀಕರಿಗೆ ಐವತ್ತರ ಆಸುಪಾಸು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್, ಪಾಂಪ್ಲೆಟ್ ಇವೇ ಕೆಲಸ. ನುಡಿಯಲ್ಲಿ ಟೈಪಿಂಗ್, ಕೋರಲ್‌ಡ್ರಾದಲ್ಲಿ ಡಿಸೈನ್. ಹಗಲೆಲ್ಲ ‘ಸುಖಾಗಮನ ಬಯಸುವವರು’ ಕೆಳಗೆ ಬಂಧುಗಳ ಹೆಸರು ಕೂರಿಸಿ ಸುಸ್ತಾದ ಮೇಲೆ, ರಾತ್ರಿ ಶಟರ್ ಅರ್ಧ ಇಳಿಸಿ ಒಂದು ಗಂಟೆ ಆಟ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ ಹೊರಬಂದ ಆಟ ಇದು. ಸಿಡಿಯನ್ನು ಅವರು ಅಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆಟದೊಳಗೆ ‘ಪೆಪ್ಪರೋನಿ ಪಿಜ್ಜಾ’ ಎಂಬ ಗುಟ್ಟಿನ ಮಾತು ಟೈಪ್ ಮಾಡಿದರೆ ಸಾವಿರ ಆಹಾರ ಸಿಗುತ್ತದೆ ಎಂದು ಪಿಜ್ಜಾ ಕಣ್ಣಿಂದ ನೋಡುವ ಮೊದಲೇ ಕಲಿತ ತಲೆಮಾರು ಅವರದು.

ಮಾನಿಟರ್‌ಗಳು ಹೀಗಿದ್ದವು. ನಡುವೆ 27 ಇಂಚಿನ ಅಗಲದ ಪರದೆ, 2560×1440. ಅದರ ಎಡಕ್ಕೆ ತೋಳಿನ ಸ್ಟ್ಯಾಂಡ್ ಮೇಲೆ ಉದ್ದುದ್ದ ನಿಲ್ಲಿಸಿದ 1920×1080 ಮಾನಿಟರ್. ಕಾರ್ಡಿನ ಇಡೀ ಪುಟ ಒಂದೇ ನೋಟಕ್ಕೆ ಕಾಣಲಿ ಎಂದು ಅದನ್ನು ನಿಲ್ಲಿಸಿದ್ದರು. ಕೌಂಟರ್ ಮೇಲೆ ಗಿರಾಕಿಗಳ ಕಡೆ ಮುಖ ಮಾಡಿದ ಮೂರನೆಯದೊಂದು ಚಿಕ್ಕ ಪರದೆ, ಪ್ರೂಫ್ ತೋರಿಸಲು. ಗಿರಾಕಿ ಹೆಸರುಗಳನ್ನು ತಾನೇ ಓದಿ ಸರಿ ಎಂದರೆ ಆಮೇಲೆ ‘ನಮ್ಮ ಮಾವನ ಹೆಸರೇ ಬಿಟ್ಟೀರಲ್ಲ’ ಅನ್ನುವ ಜಗಳ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಕೇಬಲ್‌ಗೆ ಜಾಗ ಸಾಲದೆ ಈ ಮೂರನೆಯದನ್ನು ಯುಎಸ್‌ಬಿಯಿಂದ ಎಚ್‌ಡಿಎಂಐ ಮಾಡುವ ಒಂದು ಅಡಾಪ್ಟರ್ ಮೂಲಕ ಜೋಡಿಸಿದ್ದರು.

ಹಳೆಯ ಮಷಿನ್‌ನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತಿದ್ದರಿಂದ ಹೊಸದು ತೆಗೆದುಕೊಂಡರು. ಆಟ ನಿಂತಿದ್ದಕ್ಕೆ ಅವರೇ ಒಂದು ಕಾರಣವನ್ನೂ ಕೊಟ್ಟರು.

“ಆ ಯುಎಸ್‌ಬಿ ಅಡಾಪ್ಟರ್ ಹಾಕಿಸಿದ್ಮೇಲೇ ಹಿಂಗಾಗಿದ್ದು ನೋಡಪ್ಪ. ಅದಕ್ಕೂ ಮುಂಚೆ ಇದೇ ಮಷಿನ್‌ನಾಗೆ ಚಲೋ ಆಡ್ತಿತ್ತು.”

ಈ ಮಾತಿನ ಎರಡನೆಯ ಅರ್ಧ ಬಹಳ ಬೆಲೆಯುಳ್ಳದ್ದು. ಇದೇ ಮಷಿನ್, ಇದೇ ವಿಂಡೋಸ್ 11, ಇದೇ ಸಿಡಿ, ಆದರೂ ಆಡಿತ್ತು. ಅಂದರೆ ಹಳೆಯ ಆಟ ಹೊಸ ವಿಂಡೋಸ್‌ಗೆ ಆಗಿಬರುವುದಿಲ್ಲ ಅನ್ನುವ ಎಲ್ಲರ ಮೆಚ್ಚಿನ ಉತ್ತರ ಇಲ್ಲಿ ನಡೆಯುವುದಿಲ್ಲ. ಡೈರೆಕ್ಟ್‌ಪ್ಲೇ ಇಲ್ಲದಿರುವುದೂ ಕಾರಣವಲ್ಲ. ಡೈರೆಕ್ಟ್‌ಪ್ಲೇ ಅನ್ನುವುದು ಹಳೆಯ ಆಟಗಳು ನೆಟ್‌ವರ್ಕ್‌ಗಾಗಿ ಕೇಳುವ ಒಂದು ಭಾಗ. ಈಗಿನ ವಿಂಡೋಸ್‌ನಲ್ಲಿ ಅದು ಆಫ್ ಆಗಿರುತ್ತದೆ, ಆಟ ಮೊದಲ ಸಲ ಕೇಳಿದಾಗ ಹಾಕಿಕೊಳ್ಳಲಾ ಎಂದು ವಿಂಡೋಸೇ ಕೇಳುತ್ತದೆ. ಅದು ಆಗಲೇ ಮುಗಿದಿತ್ತು.

ಸಿಡಿಯ ಬೀಗವೂ ಅಲ್ಲ. ಇದರ ಬಗ್ಗೆ ಎರಡು ಮಾತು ಹೇಳಬೇಕು. 1998ರಿಂದ ಈಚೆಗೆ ಬಂದ ಎಷ್ಟೋ ಆಟದ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು-ತಡೆ ಇತ್ತು. ಅದು ತನ್ನದೇ ಒಂದು ಡ್ರೈವರನ್ನು ವಿಂಡೋಸ್ ಒಳಗೆ ಇಟ್ಟುಕೊಂಡು ಕೆಲಸ ಮಾಡುತ್ತಿತ್ತು. ಭದ್ರತೆಯ ಕಾರಣಕ್ಕೆ 2015ರಲ್ಲಿ ಅದನ್ನು ನಿಲ್ಲಿಸಲಾಯಿತು. ವಿಂಡೋಸ್ 10ರಿಂದ ಈಚೆಗೆ ಅದು ನಡೆಯುವುದೇ ಇಲ್ಲ. ಆ ಕಾಲದ ಅಸಲಿ ಸಿಡಿ ಇಟ್ಟುಕೊಂಡವರು ಮಾನಿಟರ್, ಡ್ರೈವರ್ ಎಂದು ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ. ಆ ಆಟದ ಈಗಿನ ಡಿಜಿಟಲ್ ಆವೃತ್ತಿ ಕೊಳ್ಳುವುದೇ ನೆಟ್ಟಗಿನ ದಾರಿ. ಎಲ್ಲೆಲ್ಲಿಂದಲೋ ಸಿಗುವ ‘ಕ್ರ್ಯಾಕ್’ ಫೈಲನ್ನು, ಅದೂ ದುಡ್ಡಿನ ಲೆಕ್ಕ ಇರುವ ಅಂಗಡಿಯ ಕಂಪ್ಯೂಟರ್‌ಗೆ, ಹಾಕಬೇಡಿ. ನಮ್ಮ ಪ್ರಕರಣದ ಸಿಡಿ 1997ರದು, ಆ ಬೀಗ ಹುಟ್ಟುವುದಕ್ಕೂ ಮೊದಲಿನದು. ಹಾಗಾಗಿ ಬಚಾವ್.

ಅಳಿಯನ ಟಿಕ್‌ಗಳು

ನಾನು ಹೋಗುವ ಮೊದಲು ಮಾಲೀಕರ ಅಕ್ಕನ ಮಗ ಒಂದು ಕೈ ನೋಡಿದ್ದ. ಆಟದ ಫೈಲಿನ ಪ್ರಾಪರ್ಟೀಸ್ ತೆರೆದು, ಕಂಪ್ಯಾಟಿಬಿಲಿಟಿ ಅನ್ನುವ ಕಡೆ ಸಿಕ್ಕಿದ್ದಕ್ಕೆಲ್ಲ ಟಿಕ್ ಹಾಕಿದ್ದ. ವಿಂಡೋಸ್ 95 ಮೋಡ್, 256 ಬಣ್ಣ, 640×480, ಅಡ್ಮಿನಿಸ್ಟ್ರೇಟರ್ ಆಗಿ ತೆರೆ, ಎಲ್ಲ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ದ. ಹೊಸದಾಗಿ ಹಾಕಿದರೂ ಅದೇ ಕಥೆ ಅಂದ.

ಅದು ಹೊಸದಾಗಿ ಹಾಕಿದ್ದಲ್ಲ. ಆ ಟಿಕ್‌ಗಳು ಆಟದ ಫೋಲ್ಡರಿನಲ್ಲಿ ಇರುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ, ಫೈಲಿನ ಪೂರ್ತಿ ವಿಳಾಸದ ಹೆಸರಿನಲ್ಲಿ ಇರುತ್ತವೆ. ಆಟ ತೆಗೆದು ಅದೇ ಜಾಗಕ್ಕೆ ಮತ್ತೆ ಹಾಕಿದರೆ ಹಳೆಯ ಟಿಕ್‌ಗಳೆಲ್ಲ ವಾಪಸ್ ಬಂದು ಕೂರುತ್ತವೆ. ಇದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ಇನ್‌ಸ್ಟಾಲ್, ಅನ್‌ಇನ್‌ಸ್ಟಾಲ್ ಮಾಡುತ್ತಾ ಕೂತಿರುತ್ತಾರೆ. ಎಲ್ಲ ಬಳಕೆದಾರರಿಗೆ ಎಂದು ಹಾಕಿದ ಟಿಕ್ ಬೇರೆ ಕಡೆ ಇರುತ್ತದೆ, ಅದನ್ನು ಬೇರೆಯಾಗಿಯೇ ತೆಗೆಯಬೇಕು. ಎರಡೂ ಕಡೆ ಖಾಲಿ ಮಾಡಿದೆ.

ನನ್ನ ಕೇಳಿದರೆ, ಕಂಪ್ಯಾಟಿಬಿಲಿಟಿ ಟಿಕ್‌ಗಳನ್ನು ಒಟ್ಟಿಗೆ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಒಂದು ಟಿಕ್ ಒಂದು ಸುಳ್ಳು. ವಿಂಡೋಸ್ ಆಟಕ್ಕೆ ನಾನು 95 ಎಂದು ಒಂದು ಸುಳ್ಳು ಹೇಳುತ್ತದೆ, ಪರದೆಯಲ್ಲಿ 256 ಬಣ್ಣ ಮಾತ್ರ ಇದೆ ಎಂದು ಇನ್ನೊಂದು. ನಾಲ್ಕು ಸುಳ್ಳು ಒಟ್ಟಿಗೆ ಹೇಳಿದ ಮೇಲೆ ಆಟ ಯಾವುದಕ್ಕೆ ಮುನಿಸಿಕೊಂಡಿತು ಎಂದು ಯಾರಿಗೆ ಗೊತ್ತಾಗಬೇಕು?

ಅಡಾಪ್ಟರ್ ಮೇಲಿನ ಅನುಮಾನ

ಟಿಕ್ ತೆಗೆದ ಮೇಲೂ ಅದೇ ಸಂದೇಶ. ಸರಿ, ಈಗ ಮಾಲೀಕರ ಅನುಮಾನಕ್ಕೆ ಬರೋಣ. ಅಡಾಪ್ಟರ್ ಕಿತ್ತು, ಮಷಿನ್ ರೀಸ್ಟಾರ್ಟ್ ಮಾಡಿ, ಆಟ ತೆರೆದರೆ ಮತ್ತೆ ಅದೇ ಸಂದೇಶ. ಅಲ್ಲಿಗೆ ಅಡಾಪ್ಟರ್ ನಿರಪರಾಧಿ. ಸದ್ಯಕ್ಕೆ.

ಆದರೆ ಅಡಾಪ್ಟರ್ ಬಂದ ದಿನವೇ ತೊಂದರೆ ಶುರುವಾಗಿದ್ದು ಸುಳ್ಳಲ್ಲ. ಅದಕ್ಕೇ ಕೇಳಿದೆ, “ಅಣ್ಣ, ಅವತ್ತು ಬೇರೆ ಏನಾದ್ರೂ ಬದಲಾಯಿಸಿದ್ರಾ?”

“ಏನಿಲ್ಲ. ಆ ಹುಡುಗ ಬಂದವನು ಸ್ಟ್ಯಾಂಡ್ ಕೂಡಿಸಿ ಈ ಮಾನಿಟರ್ ನಿಲ್ಲಿಸಿಕೊಟ್ಟು ಹೋದ, ಅಷ್ಟೇ.”

ಅಷ್ಟೇ ಸಾಕಾಗಿತ್ತು. ಇನ್ನೊಂದು ಸುಳಿವು ಕಣ್ಣೆದುರೇ ಇತ್ತು. ಆ ತಪ್ಪಿನ ಸಂದೇಶ ಪ್ರತಿ ಸಲವೂ ಎಡಗಡೆಯ ನಿಂತ ಮಾನಿಟರಿನಲ್ಲೇ ಬರುತ್ತಿತ್ತು. ಯಾಕೆಂದರೆ ಅದನ್ನೇ ಮುಖ್ಯ ಪರದೆ ಮಾಡಿದ್ದರು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ ಅನ್ನುವ ಟಿಕ್ ಅದರ ಮೇಲಿತ್ತು.

ಆ ಮಾನಿಟರನ್ನು ಆರಿಸಿ ರೆಸಲ್ಯೂಶನ್ ಪಟ್ಟಿ ಬಿಚ್ಚಿದೆ. 1080×1920. ಕೆಳಗೆ 768×1024. ಪಟ್ಟಿಯಲ್ಲಿರುವ ಅಳತೆಗಳೆಲ್ಲ ತಲೆಕೆಳಗು. ಮಾನಿಟರನ್ನು ಪೋರ್ಟ್ರೇಟ್‌ಗೆ ತಿರುಗಿಸಿದರೆ ವಿಂಡೋಸ್ ಅದು ತೋರಿಸಬಲ್ಲ ಅಳತೆಗಳ ಪಟ್ಟಿಯನ್ನೂ ತಿರುಗಿಸಿಯೇ ಕೊಡುತ್ತದೆ. ಯಾವುದಾದರೂ ಪ್ರೋಗ್ರಾಂ ಬೇರೆ ದಿಕ್ಕಿನ ಅಳತೆಗಳೂ ಬೇಕು ಎಂದು ವಿಶೇಷವಾಗಿ ಕೇಳಿದರೆ ಮಾತ್ರ ಉಳಿದವನ್ನೂ ಹೇಳುತ್ತದೆ. ಹೊಸ ಪ್ರೋಗ್ರಾಂಗಳಿಗೆ ಹಾಗೆ ಕೇಳುವುದು ಗೊತ್ತು. 1997ರ ಆಟಕ್ಕೆ ಎಲ್ಲಿಂದ ಗೊತ್ತಿರಬೇಕು? ಮಾನಿಟರ್ ನಿಂತುಕೊಳ್ಳುತ್ತದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಈ ಆಟ ಮೂರು ಅಳತೆಗಳಲ್ಲಿ ಮಾತ್ರ ನಡೆಯುತ್ತದೆ: 640×480, 800×600, 1024×768. ಶುರುವಾಗುವಾಗ ಪೂರ್ತಿ ಪರದೆಯನ್ನು ತನ್ನ ಕೈಗೆ ತೆಗೆದುಕೊಂಡು, 256 ಬಣ್ಣದಲ್ಲಿ ಈ ಮೂರರಲ್ಲಿ ಒಂದು ಅಳತೆಗೆ ಬದಲಿಸು ಎಂದು ಡೈರೆಕ್ಟ್‌ಡ್ರಾಗೆ ಹೇಳುತ್ತದೆ. ಯಾವ ಪರದೆ ಎಂದು ಹೇಳುವುದಿಲ್ಲ. ಒಬ್ಬನೇ ಮಗನಿರುವ ಮನೆಗೆ ಬಂದವರು ‘ಮಗ ಎಲ್ಲಿ?’ ಎಂದು ಕೇಳುವ ಹಾಗೆ ಅದು ಸುಮ್ನೆ ‘ಪರದೆ’ ಎಂದು ಕೇಳುತ್ತದೆ, ವಿಂಡೋಸ್ ಮುಖ್ಯ ಪರದೆಯನ್ನು ತೋರಿಸುತ್ತದೆ. ಇದರಲ್ಲಿ ಆಟ ಬರೆದವರ ತಪ್ಪೇನೂ ಇಲ್ಲ. ಮನೆಮನೆಯಲ್ಲಿದ್ದ ವಿಂಡೋಸ್‌ಗೆ ಒಂದಕ್ಕಿಂತ ಹೆಚ್ಚು ಮಾನಿಟರ್ ಜೋಡಿಸುವ ಸೌಲಭ್ಯ ಬಂದದ್ದು ವಿಂಡೋಸ್ 98ರಲ್ಲಿ, ಆಟ ಬಂದ ಮರುವರ್ಷ. ಇಲ್ಲಿನ ಮುಖ್ಯ ಪರದೆಯ ಪಟ್ಟಿಯಲ್ಲಿ 1024×768 ಇಲ್ಲ, 768×1024 ಇದೆ. ಕೇಳಿದ್ದು ಇಲ್ಲ ಎಂದಾಯಿತು. ಗ್ರಾಫಿಕ್ಸ್ ಶುರುವಾಗಲಿಲ್ಲ ಎಂದು ಆಟ ಕೈ ಎತ್ತಿತು.

ಪರೀಕ್ಷೆ ಸುಲಭ. ನಡುವಿನ ಅಡ್ಡ ಮಾನಿಟರನ್ನು ಮುಖ್ಯ ಮಾಡಿದೆ, ಬೇರೆ ಏನನ್ನೂ ಮುಟ್ಟಲಿಲ್ಲ. ಆಟ ತೆರೆಯಿತು. ಮತ್ತೆ ನಿಂತ ಮಾನಿಟರನ್ನು ಮುಖ್ಯ ಮಾಡಿದೆ, ಸಂದೇಶ ವಾಪಸ್ ಬಂತು. ನಿಂತದ್ದನ್ನೇ ಮುಖ್ಯವಾಗಿ ಇಟ್ಟು ಸೆಟ್ಟಿಂಗ್‌ನಲ್ಲಿ ಲ್ಯಾಂಡ್‌ಸ್ಕೇಪ್ ಮಾಡಿದೆ. ಆಟ ಕತ್ತು ವಾಲಿಸಿ ನೋಡುವ ಹಾಗೆ ಅಡ್ಡಡ್ಡ ತೆರೆಯಿತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ತೆರೆಯಿತು, ಆಡಲಾಗಲಿಲ್ಲ

ಇಲ್ಲಿಗೆ ಬಿಲ್ ಬರೆದು ಎದ್ದು ಬರಬಹುದಿತ್ತು. ಆದರೆ ತೆರೆದ ಆಟವನ್ನು ಐದು ನಿಮಿಷ ಆಡಿದರೆ ಬೇರೆಯದೇ ರಗಳೆ ಶುರು.

ಈ ಆಟದಲ್ಲಿ ನಕ್ಷೆಯನ್ನು ಸರಿಸುವುದು ಮೌಸನ್ನು ಪರದೆಯ ಅಂಚಿಗೆ ಒತ್ತಿ. ಒಂದೇ ಮಾನಿಟರ್ ಇದ್ದಾಗ ಅಂಚು ಅಂದರೆ ಅಂಚು, ಬಾಣ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಪರದೆ ಇದ್ದರೆ ಬಾಣ ಅಂಚು ದಾಟಿ ಆಚೆ ಹೋಗುತ್ತದೆ. ಎಡಕ್ಕೆ ಸೈನ್ಯ ನೋಡಲು ಹೋದರೆ ಬಾಣ ಲಗ್ನಪತ್ರಿಕೆಯ ಮೇಲೆ. ಗಡಿಬಿಡಿಯಲ್ಲಿ ಅಲ್ಲಿ ಕ್ಲಿಕ್ ಆದರೆ ವಿಂಡೋಸ್ ಆ ಕಡೆಗೆ ಗಮನ ಕೊಡುತ್ತದೆ, ಆಟ ಮಡಚಿಕೊಂಡು ಕೆಳಗೆ ಹೋಗುತ್ತದೆ. ವಾಪಸ್ ಕರೆದರೆ ಕೆಲವೊಮ್ಮೆ ಬರೀ ಕಪ್ಪು. ಅದರ ಜೊತೆಗೆ, ಆಟ ಶುರುವಾದಾಗ ಮುಖ್ಯ ಪರದೆಯ ಅಳತೆ 800×600ಕ್ಕೆ ಕುಗ್ಗುವುದರಿಂದ ಇಡೀ ಡೆಸ್ಕ್‌ಟಾಪಿನ ನಕ್ಷೆ ಬದಲಾಗಿ, ಉಳಿದ ಮಾನಿಟರುಗಳಲ್ಲಿ ತೆರೆದಿಟ್ಟ ಕಿಟಕಿಗಳು ಅಸ್ತವ್ಯಸ್ತ. ಐಕಾನ್‌ಗಳು ಒಂದು ಮೂಲೆಗೆ ರಾಶಿ. ಅಗಲ ಪರದೆಯಲ್ಲಿ ಚಿತ್ರ ಎಳೆದು ಹಿಗ್ಗಿಸಿದ ಹಾಗೆ, ಆನೆಗಳೆಲ್ಲ ಡಬಲ್ ಆನೆ.

ಇದಕ್ಕೆ ಬಹಳ ಜನ ಹೇಳುವ ಉಪಾಯ ವಿಂಡೋಸ್ ಬಟನ್ ಜೊತೆ ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಆರಿಸಿ, ಬೇರೆ ಪರದೆಗಳನ್ನು ಆಫ್ ಮಾಡಿಬಿಡುವುದು. ತಪ್ಪೇನಲ್ಲ, ಆದರೆ ಯಾವ ಪರದೆ ಉಳಿಯುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ವಾಪಸ್ ಹಾಕಿದಾಗ ಕಿಟಕಿಗಳನ್ನು ಮತ್ತೆ ಜೋಡಿಸಿಕೊಳ್ಳಬೇಕು. ಲಗ್ನದ ಸೀಸನ್‌ನಲ್ಲಿ ಹತ್ತು ಫೈಲ್ ತೆರೆದಿಟ್ಟುಕೊಂಡವರಿಗೆ ಇದು ದಿನಾ ಮಾಡುವ ಕೆಲಸವಲ್ಲ.

ನಾನು ಹಿಡಿದ ದಾರಿ ಬೇರೆ. ಆಟ ಮತ್ತು ವಿಂಡೋಸ್ ನಡುವೆ ಒಂದು ಮಧ್ಯವರ್ತಿ ಫೈಲ್ ಕೂರಿಸುವುದು. ಇದಕ್ಕೆ ರ‍್ಯಾಪರ್ ಅನ್ನುತ್ತಾರೆ. ಡೈರೆಕ್ಟ್‌ಡ್ರಾದ ಕೆಲಸವೆಲ್ಲ ‘ಡಿಡ್ರಾ’ ಹೆಸರಿನ ಒಂದು ಡಿಎಲ್‌ಎಲ್ ಫೈಲಿನಲ್ಲಿದೆ. ವಿಂಡೋಸ್ ಆ ಫೈಲನ್ನು ಹುಡುಕುವಾಗ ಮೊದಲು ಆಟದ ಎಕ್ಸಿ (ಆಟವನ್ನು ಶುರು ಮಾಡುವ ಫೈಲ್) ಇರುವ ಫೋಲ್ಡರಿನಲ್ಲೇ ನೋಡುತ್ತದೆ. ಅಲ್ಲಿ ಅದೇ ಹೆಸರಿನ ಬೇರೆ ಫೈಲ್ ಇಟ್ಟರೆ ಆಟದ ಮಾತೆಲ್ಲ ಅದರ ಕಿವಿಗೆ ಬೀಳುತ್ತದೆ. 800×600 ಇದೆಯಾ ಎಂದು ಆಟ ಕೇಳಿದರೆ ಅದು ಇದೆ ಅನ್ನುತ್ತದೆ. 256 ಬಣ್ಣ? ಅದೂ ಇದೆ. ಆದರೆ ನಿಜವಾಗಿ ಪರದೆಯ ಅಳತೆ ಬದಲಿಸುವುದೇ ಇಲ್ಲ. ಆಟದ ಚಿತ್ರವನ್ನು ತಾನು ತೆಗೆದುಕೊಂಡು, ಹಿಗ್ಗಿಸಿ, ಚೌಕಟ್ಟಿಲ್ಲದ ಒಂದು ದೊಡ್ಡ ಕಿಟಕಿಯಲ್ಲಿ ತೋರಿಸುತ್ತದೆ.

ಇಂಥವು ಹಲವಿವೆ. ನಾನು ಬಳಸಿದ್ದು ಸಿಎನ್‌ಸಿ-ಡಿಡ್ರಾ. ಕಮಾಂಡ್ ಆಂಡ್ ಕಾಂಕರ್ ಆಟಗಳಿಗಾಗಿ ಶುರುವಾದದ್ದು, ಈಗ ಡೈರೆಕ್ಟ್‌ಡ್ರಾ ಬಳಸುವ ಎಷ್ಟೋ ಆಟಗಳಿಗೆ ಆಗುತ್ತದೆ. ಉಚಿತ, ಸೋರ್ಸ್ ಕೋಡ್ ಕೂಡ ತೆರೆದಿಟ್ಟದ್ದು. ಮೂರು ಆಯಾಮದ ಆಟಗಳಿಗೆ, ಹಳೆಯ ಡೈರೆಕ್ಟ್3ಡಿ ಬಳಸುವುದಕ್ಕೆ, ಇಲ್ಲವೇ 3ಡಿಎಫ್ಎಕ್ಸ್ ಎಂಬ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗಳ ಗ್ಲೈಡ್ ಬಳಸಬಲ್ಲ ನೀಡ್ ಫಾರ್ ಸ್ಪೀಡ್ 2 ಎಸ್‌ಇ ತರಹದ್ದಕ್ಕೆ, ಡಿಜಿವೂಡೂ ಒಳ್ಳೆಯದು. ಅದರಲ್ಲಿ ಯಾವ ಪರದೆಗೆ ಆಟ ಹೋಗಬೇಕು ಎಂದು ಆರಿಸುವ ಸೌಲಭ್ಯವೂ ಇದೆ. ಪರದೆಯ ಮೂಲೆಯಲ್ಲಿ ತನ್ನ ಗುರುತು ತೋರಿಸುವ ಹಾಗೆ ಇಟ್ಟರೆ ರ‍್ಯಾಪರ್ ನಿಜಕ್ಕೂ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಎಕ್ಸಿ ಫೈಲಿನ ಪಕ್ಕದಲ್ಲೇ ಇಡಬೇಕು ಅನ್ನುವುದನ್ನು ಸ್ವಲ್ಪ ಗಮನಿಸಿ. ಈ ಮೊದಲ ಭಾಗದಲ್ಲಿ ತೊಂದರೆ ಇಲ್ಲ. ಎರಡನೆಯ ಭಾಗದ ಕಾಂಕರರ್ಸ್ ವಿಸ್ತರಣೆಯ ಎಕ್ಸಿ ಒಳಗಿನ ಬೇರೆ ಫೋಲ್ಡರಿನಲ್ಲಿದೆ. ಹೊರಗಿನ ಫೋಲ್ಡರಿನಲ್ಲಿ ಡಿಎಲ್‌ಎಲ್ ಇಟ್ಟು ‘ಏನೂ ಬದಲಾಗಲಿಲ್ಲ’ ಅನ್ನುವವರು ಸಾಕಷ್ಟು. ಮತ್ತೆ, ರ‍್ಯಾಪರ್ ಹಾಕಿದ ಮೇಲೆ ಕಂಪ್ಯಾಟಿಬಿಲಿಟಿ ಟಿಕ್ ಒಂದೂ ಇರಬಾರದು. ಒಂದೇ ಕೆಲಸಕ್ಕೆ ಇಬ್ಬರು ಕೈ ಹಾಕಿದರೆ ಇಬ್ಬರೂ ಕೆಡಿಸುತ್ತಾರೆ.

ಸಿಎನ್‌ಸಿ-ಡಿಡ್ರಾದ ಸೆಟ್ಟಿಂಗ್ ಪ್ರೋಗ್ರಾಂನಲ್ಲಿ ಚೌಕಟ್ಟಿಲ್ಲದ ಪೂರ್ತಿ ಪರದೆ ಆರಿಸಿದೆ, ಅಗಲ-ಎತ್ತರದ ಅನುಪಾತ ಕಾಯುವಂತೆ ಇಟ್ಟೆ. 2560×1440ರ ಪರದೆಯಲ್ಲಿ ಆಟ 1920×1440 ಜಾಗ ತೆಗೆದುಕೊಂಡು, ಎರಡೂ ಬದಿಗೆ ಕಪ್ಪು ಪಟ್ಟಿ ಬಂತು. ಆನೆಗಳು ಮತ್ತೆ ಸಿಂಗಲ್ ಆದವು. ಮೌಸ್ ಆಟದೊಳಗೇ ಬಂಧಿ. ಹೊರಗೆ ಹೋಗಬೇಕಾದರೆ ಕಂಟ್ರೋಲ್ ಜೊತೆ ಟ್ಯಾಬ್. ಪಕ್ಕದ ಪರದೆಯ ಲಗ್ನಪತ್ರಿಕೆ ಇದ್ದಲ್ಲೇ ಇತ್ತು.

ಕುತೂಹಲಕ್ಕೆ ನಿಂತ ಮಾನಿಟರನ್ನೇ ಮುಖ್ಯ ಮಾಡಿ ರ‍್ಯಾಪರ್ ಸಮೇತ ತೆರೆದೆ. ಈ ಸಲ ತಪ್ಪಿನ ಸಂದೇಶವಿಲ್ಲ. 1080 ಅಗಲ, 810 ಎತ್ತರದ ಒಂದು ತುಂಡು ನಡುವೆ, ಮೇಲೆ ಕೆಳಗೆ ಕಪ್ಪು. ಆಡಲು ಯೋಗ್ಯವಲ್ಲ, ಆದರೆ ಕಾರಣದ ಬಗ್ಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮಾನಿಟರ್, ಕಾರ್ಡ್, ಡ್ರೈವರ್ ಎಲ್ಲವೂ ಹಿಂದಿನವೇ. ಬದಲಾಗಿದ್ದು ‘800×600 ಇದೆಯಾ’ ಅನ್ನುವುದಕ್ಕೆ ಸಿಕ್ಕ ಉತ್ತರ ಮಾತ್ರ.

ಮುಖ್ಯ ಪರದೆಯ ತಕರಾರು

ಹಾಗಾದರೆ ಅಡ್ಡ ಮಾನಿಟರನ್ನೇ ಕಾಯಂ ಮುಖ್ಯ ಮಾಡಿದರೆ ಮುಗಿಯಿತಲ್ವಾ? ನಾನೂ ಅದನ್ನೇ ಹೇಳಿದೆ. ಮಾಲೀಕರು ಒಪ್ಪಲಿಲ್ಲ. ಹೊಸ ಫೈಲ್, ಪ್ರಿಂಟ್ ಕಿಟಕಿ, ಎಲ್ಲ ನಿಂತ ಪರದೆಯಲ್ಲಿ ತೆರೆದು ಅಭ್ಯಾಸವಾಗಿದೆ, ದುಡಿಯುವ ಹತ್ತು ಗಂಟೆಯನ್ನು ಆಡುವ ಒಂದು ಗಂಟೆಗಾಗಿ ಕೆಡಿಸಬೇಡ ಅಂದರು. ನ್ಯಾಯವಾದ ಮಾತು.

ಹಾಗಾಗಿ ಒಂದು ಬ್ಯಾಚ್ ಫೈಲ್ ಬರೆದೆ. ನಿರ್‌ಸಾಫ್ಟ್‌ನ ಮಲ್ಟಿಮಾನಿಟರ್‌ಟೂಲ್ ಎಂಬ ಉಚಿತ ಪ್ರೋಗ್ರಾಂಗೆ ಆಜ್ಞೆ ಕೊಟ್ಟು ಮುಖ್ಯ ಪರದೆಯನ್ನು ಬದಲಿಸಬಹುದು. ಬ್ಯಾಚ್ ಫೈಲ್ ಮಾಡುವುದು ಇಷ್ಟು: ಅಡ್ಡ ಮಾನಿಟರನ್ನು ಮುಖ್ಯ ಮಾಡು, ಆಟದ ಫೋಲ್ಡರಿಗೆ ಹೋಗು, ಆಟ ತೆರೆದು ಅದು ಮುಚ್ಚುವ ತನಕ ಕಾಯಿ, ಆಮೇಲೆ ನಿಂತ ಮಾನಿಟರನ್ನು ಮತ್ತೆ ಮುಖ್ಯ ಮಾಡು. ಕಾಯುವ ಆಜ್ಞೆ ಮರೆತರೆ ಆಟ ತೆರೆಯುವ ಹೊತ್ತಿಗೇ ಪರದೆ ವಾಪಸ್ ಹೋಗಿರುತ್ತದೆ. ಫೋಲ್ಡರಿಗೆ ಹೋಗುವುದನ್ನು ಮರೆತರೆ ಆಟಕ್ಕೆ ತನ್ನದೇ ಫೈಲುಗಳು ಸಿಗದೆ ಬೇರೆ ತಪ್ಪು ತೋರಿಸಬಹುದು. ಆಟದ ನಡುವೆ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಕೊನೆಯ ಸಾಲು ನಡೆಯುವುದಿಲ್ಲ. ಅದಕ್ಕೆ ಆ ಒಂದು ಸಾಲನ್ನು ಬೇರೆ ಫೈಲ್ ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟೆ.

ನಿರಪರಾಧಿ ಎಂದು ಬಿಟ್ಟ ಅಡಾಪ್ಟರ್ ಇಲ್ಲಿ ಮತ್ತೆ ಬಂತು. ಬ್ಯಾಚ್ ಫೈಲಿನಲ್ಲಿ ಮಾನಿಟರುಗಳನ್ನು ಡಿಸ್‌ಪ್ಲೇ 1, ಡಿಸ್‌ಪ್ಲೇ 2 ಎಂದು ನಂಬರಿನಿಂದ ಕರೆಯಬಹುದು. ಆದರೆ ಆ ನಂಬರುಗಳು ಕಲ್ಲಿನ ಮೇಲೆ ಬರೆದವಲ್ಲ. ಯುಎಸ್‌ಬಿ ಅಡಾಪ್ಟರನ್ನು ಬೇರೆ ಪೋರ್ಟಿಗೆ ಹಾಕಿದರೆ, ಕಿತ್ತು ಹಾಕಿದರೆ, ನಂಬರ್ ಬದಲಾಗಬಹುದು. ಪರೀಕ್ಷೆಗೆಂದು ಕಿತ್ತು ಹಾಕಿದಾಗ ಹಾಗೇ ಆಯಿತು. ಕ್ರಿಸ್ತಪೂರ್ವದ ಈಜಿಪ್ಟ್ ಕೌಂಟರ್ ಮೇಲಿನ ಪ್ರೂಫ್ ಪರದೆಯಲ್ಲಿ ತೆರೆದುಕೊಂಡಿತು. ಮಲ್ಟಿಮಾನಿಟರ್‌ಟೂಲ್ ಮಾನಿಟರಿನ ಸೀರಿಯಲ್ ನಂಬರ್ ಅಥವಾ ಐಡಿಯಿಂದಲೂ ಗುರುತಿಸುತ್ತದೆ. ಬ್ಯಾಚ್ ಫೈಲಿನಲ್ಲಿ ಅದನ್ನೇ ಬರೆದೆ. ಆಮೇಲೆ ಯಾವ ಪೋರ್ಟಿಗೆ ಹಾಕಿದರೂ ತಪ್ಪಲಿಲ್ಲ.

ಉಳಿದ ಎರಡು ವಿಷಯ

ಆಟ ಸರಿಯಾದ ಮೇಲೆ ಮಾಲೀಕರು ಇನ್ನೊಂದು ದೂರು ತಂದರು. ಮೊದಲು ಸೇವ್ ಮಾಡಿಟ್ಟ ಆಟಗಳು ಕಾಣುತ್ತಿಲ್ಲ. ಇದರ ಮೂಲ, ಆಟವನ್ನು ಒಮ್ಮೆ ಸಾಮಾನ್ಯವಾಗಿ, ಒಮ್ಮೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದದ್ದು. ಆಟ ಪ್ರೋಗ್ರಾಂ ಫೈಲ್ಸ್ ಒಳಗೆ ಇತ್ತು. ಸಾಮಾನ್ಯ ಬಳಕೆಯಲ್ಲಿ ಅಲ್ಲಿಗೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆದರೆ ಹಳೆಯ ಪ್ರೋಗ್ರಾಂಗಳಿಗೆ ಬೇಸರವಾಗದಿರಲಿ ಎಂದು, ಬರೆದದ್ದನ್ನು ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಬೇರೆ ಫೋಲ್ಡರಿಗೆ ಹಾಕಿ, ಅಲ್ಲಿಂದಲೇ ಓದಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಈ ಗುಟ್ಟಿನ ವ್ಯವಹಾರ ಇಲ್ಲ, ಆಟ ನಿಜವಾದ ಫೋಲ್ಡರನ್ನೇ ನೋಡುತ್ತದೆ. ಹೀಗೆ ಒಂದಷ್ಟು ಸೇವ್ ಅಲ್ಲಿ, ಒಂದಷ್ಟು ಇಲ್ಲಿ ಹಂಚಿಹೋಗಿದ್ದವು. ಎರಡನ್ನೂ ಒಟ್ಟು ಮಾಡಿ, ಆಟವನ್ನು ಸಿ ಡ್ರೈವಿನಲ್ಲಿ ಗೇಮ್ಸ್ ಎಂಬ ಬೇರೆ ಫೋಲ್ಡರಿಗೆ ಹಾಕಿದೆ. ಅಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಡ, ಅಡ್ಮಿನಿಸ್ಟ್ರೇಟರ್ ಟಿಕ್ಕೂ ಬೇಡ.

2018ರಲ್ಲಿ ಬಂದ ಡೆಫಿನಿಟಿವ್ ಎಡಿಷನ್ ಕೊಂಡರೆ ಇಷ್ಟೆಲ್ಲ ತಾಪತ್ರಯವೇ ಇಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಹೊಸ ಪರದೆಗೆಂದೇ ಹೊಸದಾಗಿ ಚಿತ್ರ ಬರೆಸಿದ ಆವೃತ್ತಿ ಅದು. ಬೇರೆಯವರಾಗಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದೆ. ಈ ಮಾಲೀಕರಿಗೆ ಬೇಕಾದದ್ದು ಆ ಸಿಡಿಯೊಳಗಿನ ಆಟ, ಆ ದಪ್ಪ ಚುಕ್ಕಿಗಳ ಚಿತ್ರ, ಆ 50 ಜನರ ಮಿತಿ. ವಾದ ಮಾಡಲಿಲ್ಲ.

ಕೊನೆಯದಾಗಿ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಲ್ಲೂ ಆಟ ಹಾಕಿ ಮಗಳ ಜೊತೆ ಆಡಬೇಕು ಅಂದರು. ಹಳೆಯ ನೆನಪಿನಲ್ಲಿ ಅವರು ಪಟ್ಟಿಯಲ್ಲಿ ಐಪಿಎಕ್ಸ್ ಎಂಬ ಹಳೆಯ ನೆಟ್‌ವರ್ಕ್ ಬಗೆಯನ್ನು ಆರಿಸುತ್ತಿದ್ದರು. ಹಿಂದಿನ ಸೈಬರ್ ಕೆಫೆಗಳಲ್ಲಿ ಅದೇ ನಡೆಯುತ್ತಿತ್ತು. ವಿಂಡೋಸ್ ವಿಸ್ಟಾದಿಂದ ಈಚೆಗೆ ಐಪಿಎಕ್ಸ್ ಇಲ್ಲ. ಟಿಸಿಪಿ/ಐಪಿ ಆರಿಸಬೇಕು, ಎರಡೂ ಮಷಿನ್‌ನಲ್ಲಿ ಡೈರೆಕ್ಟ್‌ಪ್ಲೇ ಇರಬೇಕು, ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಬೇಕು. ಫೈರ್‌ವಾಲ್‌ನಲ್ಲಿ ಟಿಸಿಪಿ 47624 ಮತ್ತು ಟಿಸಿಪಿ, ಯುಡಿಪಿ ಎರಡರಲ್ಲೂ 2300ರಿಂದ 2400ರವರೆಗಿನ ಪೋರ್ಟ್‌ಗಳಿಗೆ ದಾರಿ ಬಿಡಬೇಕು. ಆ ದಾರಿಯನ್ನು ಅಂಗಡಿಯೊಳಗಿನ ನೆಟ್‌ವರ್ಕ್‌ಗೆ ಮಾತ್ರ ಬಿಟ್ಟೆ, ಹೊರಗಿನ ಇಂಟರ್‌ನೆಟ್‌ಗೆ ಅಲ್ಲ. ಬಿಲ್ಲಿಂಗ್ ಮಷಿನ್‌ಗೆ ಒಂದೇ ಮಾನಿಟರ್. ಅಲ್ಲಿಗೆ ರ‍್ಯಾಪರ್ ಒಂದು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಲಿಲ್ಲ.